ಬಿಸಿಯಾದರೆ ಇಳಿಯುವ ಮುಳ್ಳು

ಎಂಜಿನ್ ತಣ್ಣಗಿದ್ದಾಗ ಆಯಿಲ್ ಪ್ರೆಶರ್ ಗೇಜಿನ ಮುಳ್ಳು ಗತ್ತಿನಿಂದ ಮೇಲೇರುತ್ತಿತ್ತು. ಬಿಸಿಯಾದ ಮೇಲೆ ನಿಂತಲ್ಲೇ ಓಡಲು ಬಿಟ್ಟರೆ ಸಾಕು, ಸೊನ್ನೆಯ ಪಕ್ಕ ಹೋಗಿ ಮಲಗಿಬಿಡುತ್ತಿತ್ತು. ಮೆಕ್ಯಾನಿಕ್ ಅದನ್ನೇ ನೋಡುತ್ತ ನಿಂತ. ಹಳೆಯ ಕಾಲದ ಕಾರು. ಅದರ ಎಂಜಿನ್ನನ್ನು ಅವನೂ ಅವನಣ್ಣನೂ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿದ್ದರು. ಕಟ್ಟಿ ಮುಗಿಸಿದ ವಾರದಲ್ಲೇ ಅಣ್ಣ ಶೆಡ್ಡಿನ ಬಾಗಿಲಲ್ಲಿ ಕುಸಿದು ತೀರಿಕೊಂಡ.

ಅಂದಿನಿಂದ ತಮ್ಮನಿಗೆ ಅಳು ಬಂದಿರಲಿಲ್ಲ. ಸಿಟ್ಟೂ ಇಲ್ಲ, ಹಸಿವೂ ಇಲ್ಲ. ಊಟ ಮುಂದಿಟ್ಟರೆ ತಿನ್ನುತ್ತಿದ್ದ, ಮಾತಾಡಿಸಿದರೆ ಹೂಂ ಅನ್ನುತ್ತಿದ್ದ. ನೋಡಿದವರು ಗಟ್ಟಿ ಮನುಷ್ಯ ಅಂದರು. ಗಟ್ಟಿಯೂ ಇಲ್ಲ, ಮಣ್ಣಾಂಗಟ್ಟಿಯೂ ಇಲ್ಲ. ಒಳಗೆ ಏನೂ ಅಲುಗಾಡುತ್ತಿರಲಿಲ್ಲ ಅಷ್ಟೇ.

ಆದರೆ ಬೀದಿಯ ಬಾಯಿ ಸುಮ್ಮನಿರುತ್ತದೆಯೇ? ಎದುರಿನ ಟೈರ್ ಅಂಗಡಿಯವನು ಬೇಡದ ಕಡೆ ಮೂಗು ತೂರಿಸುವುದರಲ್ಲಿ ಎತ್ತಿದ ಕೈ. ಕೊನೆಕೊನೆಗೆ ದೊಡ್ಡವನ ಕೈ ನಡುಗುತ್ತಿತ್ತು, ಬೇರಿಂಗ್ ಸರಿಯಾಗಿ ಕೂರಿಸಿರಲಿಕ್ಕಿಲ್ಲ, ಆ ಸಂದಿನಲ್ಲೇ ಆಯಿಲ್ ಸೋರಿ ಪ್ರೆಶರ್ ಬೀಳುತ್ತಿದೆ ಎಂದು ಕಾರಿನ ಮಾಲೀಕನ ಕಿವಿ ಕಚ್ಚಿದ್ದ. ಮಾತು ಅತ್ತಿಗೆಯವರೆಗೂ ಬಂತು. "ನೀನೇ ನೋಡಿ ಹೇಳಪ್ಪ," ಅಂದರು ಅತ್ತಿಗೆ. "ಅವರ ಕೆಲ್ಸ ಕೆಟ್ಟಿದ್ರೆ ಕೆಟ್ಟಿದೆ ಅಂತ್ಲೇ ಹೇಳು."

ಅಣ್ಣ ಬದುಕೆಲ್ಲ ಸಂಪಾದಿಸಿದ ಹೆಸರಿಗೆ ಸತ್ತ ಮೇಲೆ ಮಸಿ ಹತ್ತಬೇಕೇ?

ಶೆಡ್ಡಿನಲ್ಲಿ ಒಂದು ಕಟ್ಟುಪಾಡಿತ್ತು. ಒಬ್ಬನ ಕೆಲಸವನ್ನು ಇನ್ನೊಬ್ಬ ಪರೀಕ್ಷಿಸುವಂತಿಲ್ಲ, ಪರೀಕ್ಷಿಸಿದರೆ ಅವಮಾನ. ಬೇರಿಂಗು ಅಣ್ಣನದು, ಪಂಪು, ಆಯಿಲ್ ಹರಿಯುವ ದಾರಿ ತಮ್ಮನದು. ಹಾಗಾಗಿ ತನ್ನ ಕಡೆಯಿಂದಲೇ ಶುರುಮಾಡಿದ. ಬೇರೆ ಗೇಜು ಹಾಕಿ ನೋಡಿದ. ಮೊದಲಿನ ಮುಳ್ಳು ಹೇಳಿದ್ದೇ ನಿಜ. ಪಂಪ್ ಬಿಚ್ಚಿದ, ಸರಿಯಿತ್ತು. ಪ್ರೆಶರ್ ಹೆಚ್ಚಾದಾಗ ತೆರೆಯುವ ವಾಲ್ವಿನ ಸ್ಪ್ರಿಂಗ್ ಅಳೆದ, ಅದೂ ಸರಿಯಿತ್ತು. ತನ್ನದೇ ತಪ್ಪಿರಲಿ ಎಂದು ಇಷ್ಟು ಹುಡುಕಿದ ಮೆಕ್ಯಾನಿಕ್‌ನನ್ನು ಯಾರು ಕಂಡಿದ್ದಾರೆ!

ಕೊನೆಗೆ ಎಂಜಿನ್ ಕೆಳಗಿಳಿಸಿ, ಅಣ್ಣ ಬಿಗಿದ ಬೋಲ್ಟುಗಳಿಗೆ ಸ್ಪ್ಯಾನರ್ ಹಾಕಿದ. ಅತ್ತಿಗೆ ಸ್ಟೂಲಿನ ಮೇಲೆ ಕೂತಿದ್ದರು. ಒಂದೊಂದೇ ಬೇರಿಂಗ್ ತೆಗೆದು ಸಂದು ಅಳೆದ. ಎಲ್ಲವೂ ಕರಾರುವಾಕ್ಕು, ನಡುಗುವ ಕೈಯ ಕೆಲಸವೇ ಅಲ್ಲ. "ಅಣ್ಣಂದೇನೂ ತಪ್ಪಿಲ್ಲ ಅತ್ತಿಗೆ," ಅಂದ. ಅತ್ತಿಗೆ ಅಂಗೈಯಲ್ಲಿ ಕಣ್ಣೊರೆಸಿಕೊಂಡರು. ಅವನಿಗೆ ಸಮಾಧಾನವೂ ಆಗಲಿಲ್ಲ.

ಉಳಿದದ್ದು ಎಂಜಿನ್ನಿನ ಮುಂಭಾಗದ ಕವರ್. ಅದನ್ನು ಬಿಚ್ಚಿದಾಗ, ಆಯಿಲ್ ದಾರಿಯ ಬಾಯಿ ಮುಚ್ಚುವ ಸಣ್ಣ ಪ್ಲಗ್ ಬೆರಳಲ್ಲೇ ತಿರುಗಿತು. ಬಿಸಿಯಾಗಿ ನೀರಾದ ಆಯಿಲ್ ಅಲ್ಲಿಂದಲೇ ಸೋರಿಹೋಗುತ್ತಿತ್ತು. ದಾರಿ ತೊಳೆಯಲು ಪ್ಲಗ್ ತೆಗೆದವನು ಅವನೇ. ಮತ್ತೆ ಕೈಯಲ್ಲಿ ತಿರುಗಿಸಿಟ್ಟು, ಬಿಗಿಯುವ ಮೊದಲೇ ಮಗಳಿಗೆ ಜ್ವರವೆಂದು ಮನೆಗೆ ಓಡಿದ್ದ. ಮರುದಿನ ಬರುವಷ್ಟರಲ್ಲಿ ಅಣ್ಣ ಕವರ್ ಮುಚ್ಚಿಯಾಗಿತ್ತು. ಪ್ಲಗ್ಗಿನ ನೆನಪೂ ಇವನಿಗೆ ಬರಲಿಲ್ಲ.

"ತಪ್ಪು ನಂದೇ," ಅಂದ. "ಮುಚ್ಚೋ ಮುಂಚೆ ಅಣ್ಣ ಒಂದ್ಸಲ ಮುಟ್ಟಿ ನೋಡಿದ್ರೂ ಗೊತ್ತಾಗ್ತಿತ್ತು."

ಅತ್ತಿಗೆ ಬಿಚ್ಚಿಟ್ಟ ಕವರಿನ ಕಡೆ ನೋಡಿದರು. "ಅವತ್ತು ಊಟ ತಂದಿದ್ದೆ. ಕವರ್ ನಾನೇ ಹಿಡ್ಕೊಂಡಿದ್ದೆ. ಒಳಗೆಲ್ಲ ನೋಡಿದ್ರಾ ಅಂತ ಕೇಳ್ದೆ. 'ತಮ್ಮ ಮಾಡಿದಾನೆ, ನೋಡೋದೇನಿದೆ' ಅಂದ್ರು."

ಅವನು ಸ್ಪ್ಯಾನರ್ ತೆಗೆದುಕೊಂಡು ಪ್ಲಗ್ ಬಿಗಿದ. ಬಿಗಿಯಾದ ಮೇಲೂ ಬಿಗಿಯುತ್ತಲೇ ಇದ್ದ, ಅತ್ತಿಗೆ ಎದ್ದು ಬಂದು ಅವನ ಕೈ ಹಿಡಿದುಕೊಳ್ಳುವವರೆಗೆ.