ಕುಣಿಗಲ್ ಶಾಖೆಯ ಗ್ರಾಫು

ತುಮಕೂರಿನಲ್ಲಿ ನಾನಿದ್ದ ಕಂಪನಿಯ ಕಸುಬು ಜನರಿಗೆ ಕೆಲಸ ಹುಡುಕಿಕೊಡುವುದು. ತುಮಕೂರಿಗೆ ಹೊಂದಿಕೊಂಡ ಅಂತರಸನಹಳ್ಳಿಯ ಕಾರ್ಖಾನೆಗಳಲ್ಲಿ ಎಲ್ಲೆಲ್ಲಿ ಆಳು ಬೇಕೋ ಅದನ್ನೆಲ್ಲ ನಮ್ಮ ಸರ್ವರ್‌ಗೆ ತುಂಬಿಡುತ್ತಿದ್ದೆವು. ಗುಬ್ಬಿ, ಕುಣಿಗಲ್ಲಿನ ಶಾಖೆಗಳಿಗೆ ಬಂದವರಿಗೆ ಅಲ್ಲಿನ ಆಪರೇಟರು ಫೋನ್ ಲೈನಿಗೆ ಜೋಡಿಸಿದ ಕಂಪ್ಯೂಟರಿನಲ್ಲಿ ಅದನ್ನು ಹುಡುಕಿ ಹೇಳುತ್ತಿದ್ದರು. ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ.

ಹುಡುಕಾಟ ತೀರಾ ನಿಧಾನ ಅಂತ ದೂರು ಬಂದಾಗ ಯಜಮಾನರು ನನ್ನನ್ನು ಕರೆದರು. ಸರ್ವರ್ ಜೊತೆಗೆ ಬಂದಿದ್ದ ಮೀಟರ್, ಮೆಷಿನ್ನಿನ ಮೇಲೆ ಎಷ್ಟು ಹೊರೆ ಇದೆ ಅಂತ ತೋರಿಸುತ್ತಿತ್ತೇ ಹೊರತು ಯಾವ ಊರಿನ ಹುಡುಕಾಟ ಒದ್ದಾಡುತ್ತಿದೆ ಅಂತ ಹೇಳುತ್ತಿರಲಿಲ್ಲ. ಅದಕ್ಕೆ ನಾನೇ ಬೇರೊಂದು ಮೀಟರ್ ಬರೆದು ಸರ್ವರ್ ಪ್ರೋಗ್ರಾಮಿನೊಳಕ್ಕೆ ಸೇರಿಸಿದೆ. ಯಾವ ಶಾಖೆಯಿಂದ ಎಷ್ಟು ಹುಡುಕಾಟ, ಒಂದೊಂದಕ್ಕೆ ಎಷ್ಟು ಹೊತ್ತು, ಎಲ್ಲ ಗ್ರಾಫಿನಲ್ಲಿ ಮೂಡುತ್ತಿತ್ತು. ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಗುಬ್ಬಿಯದು ಚೆನ್ನಾಗಿತ್ತು. ಕುಣಿಗಲ್ಲಿನದು ಎರಡರಲ್ಲೂ ಕೆಟ್ಟದು: ಹುಡುಕಾಟ ಬೆರಳೆಣಿಕೆ, ಮಾಡಿದ್ದೂ ಆಮೆ ನಡಿಗೆ.

"ಆಯಮ್ಮ ಅಲ್ಲಿ ಕೂತ್ಕೊಂಡು ಏನ್ ಮಾಡ್ತವ್ಳೆ? ನೊಣ ಹೊಡೀತವ್ಳಾ? ಹಿಂಗೇ ಆದ್ರೆ ಬ್ರಾಂಚೇ ಮುಚ್ತೀನಿ ಕಣಯ್ಯಾ. ಹೋಗಿ ನೋಡ್ಕೊಂಡ್ ಬಾ" ಎಂದರು ಯಜಮಾನರು.

ಕುಣಿಗಲ್ಲಿನ ಆಪರೇಟರನ್ನು ನಾನು ಆಪಾ, ಅಂದರೆ ಅಕ್ಕ, ಅಂತಲೇ ಕರೆಯುತ್ತಿದ್ದೆ. ಗಂಡನಿಗೆ ಲಕ್ವ ಹೊಡೆದ ಮೇಲೆ ಮನೆ ನಡೆಯುತ್ತಿದ್ದದ್ದು ಅವರ ಸಂಬಳದಲ್ಲಿ. ನಾನು ಹೋದಾಗ ಶಾಖೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಲೈನು ಪದೇ ಪದೇ ಬೀಳುತ್ತಿದ್ದುದರಿಂದ ಆಪಾ ಬೆಳಿಗ್ಗೆ ಒಂದೇ ಸಲ ಅಂತರಸನಹಳ್ಳಿಯ ಎಲ್ಲ ಕೆಲಸಗಳನ್ನೂ ಹುಡುಕಿ ತರಿಸಿಕೊಂಡು, ಬೆಂಚಿನಲ್ಲಿ ಕೂತವರಿಗೂ ಬಾಗಿಲಲ್ಲಿ ನಿಂತವರಿಗೂ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. "ಲೇತ್ ಕೆಲ್ಸ ಗೊತ್ತಿರೋರು ಯಾರಪ್ಪಾ? ಮುಂದಕ್ಕೆ ಬನ್ನಿ." ಓದಲು ಬಾರದವರೂ ಕೈ ಎತ್ತುತ್ತಿದ್ದರು. ಅಷ್ಟೂ ಜನ ನನ್ನ ಮೀಟರಿಗೆ ಒಂದೇ ಒಂದು ಹುಡುಕಾಟ. ಅದೂ ಭಾರಿಯದು, ಅದಕ್ಕೇ ನಿಧಾನ.

ವಾಪಸ್ ಬಂದು ಹೇಳಿದೆ, ಗೋಗರೆದೆ. "ಹಂಗಾದ್ರೆ ಗ್ರಾಫ್ ಸುಳ್ಳಾ? ನೀನೇ ಅಲ್ವೇನಯ್ಯಾ ಮಾಡಿದ್ದು?" ಎಂದರು ಯಜಮಾನರು. ಇನ್ನು ಮುಂದೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹುಡುಕಬೇಕು ಅಂತ ಆರ್ಡರಾಯಿತು. ನನಗೆ ಮೈಯೆಲ್ಲ ಉರಿದುಹೋಯಿತು. ಆ ಗ್ರಾಫಿಗೆ ಬೆಂಕಿ ಹಾಕ!

"ಕೊನೇಲಿ ನಿಂತೋರಿಗೆ ಊರಿನ್ ಬಸ್ ಸಿಗಲ್ಲ ಸಾರ್" ಎಂದರು ಆಪಾ ಫೋನಿನಲ್ಲಿ. ಆದರೂ ಹೇಳಿದ ಹಾಗೇ ಮಾಡಿದರು. ಕುಣಿಗಲ್ಲಿನ ಗೆರೆ ಸರ್ರನೆ ಏರಿತು, ಯಜಮಾನರು ನನ್ನ ಬೆನ್ನು ತಟ್ಟಿದರು. ಅಲ್ಲಿ ಲೈನು ಬಿದ್ದಾಗಲೆಲ್ಲ ಸಾಲು ನಿಂತಲ್ಲೇ ನಿಲ್ಲುತ್ತಿತ್ತು. ಜನ ಕಾದು ಸಾಕಾಗಿ, ಆಪಾಗೇ ಬೈದು, ಬರುವುದನ್ನೇ ಬಿಟ್ಟರು. ಗೆರೆ ನೆಲ ಕಚ್ಚಿತು. ಯಜಮಾನರು ಶಾಖೆ ಮುಚ್ಚಿಸಿದರು.

ಬೀಗದ ಕೈ ಒಪ್ಪಿಸಲು ಆಪಾ ತುಮಕೂರಿಗೆ ಬಂದರು. ಪಕ್ಕದ ಕುರ್ಚಿಯಲ್ಲಿ ಕೂತು, "ನನಗೂ ಒಂದ್ ಕೆಲ್ಸ ನೋಡಿ ಸಾರ್. ಕುಣಿಗಲ್‌ನಲ್ಲೇ ಆಗ್ಬೇಕು, ಮನೆಯವ್ರನ್ನ ಬಿಟ್ಟು ದೂರ ಹೋಗಕ್ಕಾಗಲ್ಲ" ಎಂದರು. ಟೈಪ್ ಮಾಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು.

"ಅಯ್ಯೋ, ಇಷ್ಟ್ ಬೇಗಾನಾ?" ಎಂದು ಆಪಾ ಆಸೆಯಿಂದ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಪರದೆ ಖಾಲಿಯಿತ್ತು. ಏನೂ ಸಿಗದಿದ್ದರೆ ಸರ್ವರ್‌ಗೆ ಹೊತ್ತೇ ಹಿಡಿಯುವುದಿಲ್ಲ. ನನ್ನ ಮೀಟರ್ ಅದನ್ನು ಆ ದಿನದ ಅತ್ಯಂತ ಒಳ್ಳೆಯ ಹುಡುಕಾಟ ಅಂತ ತೋರಿಸುತ್ತಿತ್ತು.