ನನ್ನ ಹೆಬ್ಬೆರಳು ಉಳಿಸಿದ ಹಿರಿಯರು

ಸೂಜಿ ಕಂಡದ್ದೇ ತಡ, ನಾನು ಕ್ಲಿನಿಕ್ಕಿನ ಡ್ರೆಸ್ಸಿಂಗ್ ಮೇಜಿನಿಂದ ಇಳಿದು ಕುಂಟುತ್ತಾ ಹೊರಗೆ ಬಂದುಬಿಟ್ಟೆ. ಕಾಲಿನ ಹೆಬ್ಬೆರಳಿನ ಉಗುರು ಮಾಂಸದೊಳಗೆ ಬೆಳೆದು ಕೀವಾಗಿತ್ತು. ಬೆರಳಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಉಗುರಿನ ಅಂಚು ತೆಗೆಯಬೇಕೆಂದು ಡಾಕ್ಟರು ಹೇಳಿದ್ದರು. ನಾಗಪುರದ ಬಜಾಜ್ ನಗರದ ಆ ಕ್ಲಿನಿಕ್ಕಿನ ಬೆಂಚಿನ ಮೇಲೆ ಕುಳಿತು ಯಜಮಾನರಿಗೆ ಫೋನ್ ಮಾಡಿ, ಶುಗರ್ ಇದ್ದರೂ ಚಿಂತೆಯಿಲ್ಲ, ಮನೆಯಲ್ಲೇ ಬ್ಲೇಡಿನಿಂದ ಕತ್ತರಿಸಿಕೊಳ್ಳುತ್ತೇನೆ ಎಂದೆ.

ಪಕ್ಕದಲ್ಲಿ ಹೆಂಡತಿಯೊಂದಿಗೆ ಕುಳಿತಿದ್ದ ಹಿರಿಯರೊಬ್ಬರಿಗೆ ನನ್ನ ಕನ್ನಡ ಕೇಳಿಸಿತ್ತು. ಅವರು ಬಗ್ಗಿ ಬಲಗಾಲಿನ ಸಾಕ್ಸ್ ಕಳಚಿದರು. ಹೆಬ್ಬೆರಳೇ ಇರಲಿಲ್ಲ.

"ನನಗೂ ಶುಗರ್ ಐತಿ, ತಂಗಿ. ನಾನೂ ಮನ್ಯಾಗ ಬ್ಲೇಡ್ ಹಚ್ಚಿದ್ದೆ. ಜಲ್ದಿ ಒಳಗ ಹೋಗವಾ," ಎಂದರು.

ಹೋದೆ. ಇಂಜೆಕ್ಷನ್ ಒಂದು ಗಳಿಗೆ ಉರಿಯಿತು, ಆಮೇಲೆ ಏನೂ ತಿಳಿಯಲಿಲ್ಲ. ತಪ್ಪದೆ ಡ್ರೆಸ್ಸಿಂಗ್ ಮಾಡಿಸಿಕೊಂಡೆ, ಮೂರು ವಾರಕ್ಕೆ ಗಾಯ ಮಾಯಿತು. ಈಗ ಉಗುರಿನ ಮೂಲೆ ಕೊರೆಯದೆ ನೇರವಾಗಿ ಕತ್ತರಿಸುತ್ತೇನೆ.

ಅಂದು ನಾನು ಹೊರಡುವಾಗ ಅವರ ಹೆಂಡತಿ ಕೈಹಿಡಿದು, "ಮೊಮ್ಮಕ್ಕಳ ಮುಂದನೂ ಇವರು ಸಾಕ್ಸ್ ತಗಿಯಂಗಿಲ್ಲ," ಎಂದು ಮೆಲ್ಲಗೆ ಹೇಳಿದ್ದರು. ಗುರುತು ಪರಿಚಯವಿಲ್ಲದ ನನಗಾಗಿ ತೆಗೆದಿದ್ದರು.