ಸದ್ದು ಬಾರದ ಗಿಟಾರ್

"ಏನಪ್ಪಾ, ಸೌಂಡೇ ಬತ್ತಾ ಇಲ್ವಲ್ಲ!"

ಯಳಂದೂರಿಗೆ ಹೆಣ್ಣು ನೋಡಲು ಹೋಗಿದ್ದಾಗ, ನಾನು ಗಿಟಾರ್ ನುಡಿಸುತ್ತಿರುವಂತೆಯೇ ಹುಡುಗಿಯ ಸೋದರಮಾವ ಹೀಗೆಂದರು. ನನಗೆ ಮೈಯೆಲ್ಲ ಉರಿಯಿತು. ಮಗ ರಾಕ್ ಬ್ಯಾಂಡಿನ ಲೀಡ್ ಗಿಟಾರಿಸ್ಟ್ ಎಂದರೆ ಯಾರೂ ನಂಬುವುದಿಲ್ಲವೆಂದು ಗಿಟಾರನ್ನೇ ಕೊಳ್ಳೇಗಾಲದಿಂದ ನನ್ನ ಮೇಲೆ ಹೊರಿಸಿಕೊಂಡು ಬಂದವರು ಅಪ್ಪ. ಆಂಪ್ಲಿಫೈಯರ್ ಇಲ್ಲದಿದ್ದರೆ ಎಲೆಕ್ಟ್ರಿಕ್ ಗಿಟಾರ್ ಸೊಳ್ಳೆಯಂತೆ ಗುಂಯ್‌ಗುಡುತ್ತದೆ ಎಂದು ಬಡಕೊಂಡರೂ ಅವರು ಕೇಳಿರಲಿಲ್ಲ.

ಸಿಟ್ಟಿನಿಂದ ನುಡಿಸುತ್ತಲೇ ಇದ್ದೆ. ಹುಡುಗಿಯ ಕಿವಿ ಕೇಳಿಸದ ಅಜ್ಜಿ ಪಕ್ಕದಲ್ಲಿ ಬಂದು ಕೂತು ಗಿಟಾರಿನ ಮರಕ್ಕೆ ಕೆನ್ನೆ ಒತ್ತಿದರು. ಗಾಬರಿಯಾಗಿ ಕೈ ತೆಗೆದೆ.

"ನಿಲ್ಲಿಸ್‌ಬ್ಯಾಡ ಕಣಪ್ಪಾ, ನಂಗ ಕೇಳ್ತದ."

ಸಂಬಂಧವೇನೂ ಕುದುರಲಿಲ್ಲ. ಹನ್ನೆರಡು ವರ್ಷಗಳಿಂದ ಆರತಕ್ಷತೆಗಳಲ್ಲಿ ನುಡಿಸಿ "ಸಾಕು ನಿಲ್ಸಿ ಸಾ" ಎನ್ನಿಸಿಕೊಂಡೇ ಬಂದಿದ್ದೇನೆ. ನಿಲ್ಲಿಸಬೇಡ ಎಂದವರು ಆ ಅಜ್ಜಿಯೊಬ್ಬರೇ.